ಕೊರೆಯುವ ಯಂತ್ರಕ್ಕೊಂದು ಪರವಾನಗಿ

ನನ್ನ ಹೆಸರು ನಂಜುಂಡಯ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಮ್ಮ ಮನೆಯ ಯಾವ ಕಾಗದ ತೆಗೆದು ನೋಡಿದರೂ ನಿಮಗೆ ಈ ಹೆಸರು ಸಿಗುವುದಿಲ್ಲ. ಮನೆ ನನ್ನ ಹೆಂಡತಿ ಸರಸ್ವತಮ್ಮನ ಹೆಸರಿನಲ್ಲಿದೆ (ಹೆಂಗಸರ ಹೆಸರಾದರೆ ಸಾಲ ಬೇಗ ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಾನೇ ಮುಂದೆ ನಿಂತು ಮಾಡಿಸಿದ್ದು). ಗ್ಯಾಸು ಅವಳ ಹೆಸರಿನಲ್ಲಿದೆ. ಕರೆಂಟ್ ಮೀಟರು ಅವಳ ಹೆಸರಿನಲ್ಲಿದೆ. ರೇಷನ್ ಕಾರ್ಡಿನಲ್ಲಂತೂ ಅವಳು ಕುಟುಂಬದ ಮುಖ್ಯಸ್ಥೆ. ನಾನು ಕೆಳಗಿನ ಸಾಲಿನಲ್ಲಿ, ಅಕ್ಕಿ ಪಡೆಯುವ ಒಂದು ಬಾಯಿ. ಬಸ್ಸಿನಲ್ಲಿ ಕೂಡ ಅವಳು ಪುಕ್ಕಟೆ, ನಾನು ಟಿಕೆಟ್ಟು.

ಕಚೇರಿಯಲ್ಲಿ ಏನಾದರೂ ಇದೆಯೇ ಎಂದರೆ ಅಲ್ಲೂ ಇಲ್ಲ. ನಾನು ರವಾನೆ ವಿಭಾಗದ ಗುಮಾಸ್ತ. ತಲೆಯಲ್ಲಿ ಕೂದಲಿದ್ದ ಕಾಲದಿಂದಲೂ ಬೇರೆಯವರು ಬರೆದು, ಬೇರೆಯವರು ಸಹಿ ಮಾಡಿ, ಬೇರೆಯವರಿಗೆ ಕಳಿಸುವ ಕಾಗದಗಳ ಮೇಲೆ ಮೊಹರು ಕುಟ್ಟುತ್ತಿದ್ದೇನೆ. ಮೊಹರಿನಲ್ಲೂ ಸಾಹೇಬರ ಹೆಸರೇ.

ಇಂಥ ನನಗೆ ಅಧಿಕಾರ ಸಿಕ್ಕಿದ್ದು ಹೇಗೆಂದರೆ, ಕೊಳ್ಳೇಗಾಲದ ಹೊರಗಿರುವ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಸಭೆ ನಡೆಯುತ್ತಿದ್ದಾಗ ಒಂದು ಫೋನ್ ಬಂತೆಂದು ನಾನು ಆಚೆ ಹೋಗಿದ್ದೆ. ಮಾತು ಮುಗಿಸಿ ಒಳಗೆ ಬಂದರೆ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನನ್ನು ಸರ್ವಾನುಮತದಿಂದ ಕಾರ್ಯದರ್ಶಿ ಮಾಡಿಬಿಟ್ಟಿದ್ದರು. (ಒಳಗೆ ಇದ್ದವರು ಯಾರೂ ಆ ಹುದ್ದೆಗೆ ಒಪ್ಪಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.) ಹೇಗೋ ಬಂದದ್ದಾದರೂ ಅಧಿಕಾರ ಅಧಿಕಾರವೇ. ಅದನ್ನು ಯಾವುದರ ಮೇಲೆ ಚಲಾಯಿಸುವುದು ಎಂದು ನಾನು ಹುಡುಕುತ್ತಿದ್ದಾಗ ನಮ್ಮ ಬಡಾವಣೆಯಲ್ಲಿ ಮಷಿನ್ ಕಳ್ಳತನ ಶುರುವಾಯಿತು.

ಹೊಸದಾಗಿ ಮನೆ ಕಟ್ಟುತ್ತಿದ್ದ ಜಾಗದಿಂದ ಬಡಗಿಯ ಮರ ಉಜ್ಜುವ ಮಷಿನ್ ಹೋಯಿತು. ಗೇಟು ಮಾಡುವವನ ಕಟಿಂಗ್ ಮಷಿನ್ ಹೋಯಿತು. ಟೈಲ್ಸ್ ಹಾಕುವವನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅವನ ಡ್ರಿಲ್ಲಿಂಗ್ ಮಷಿನ್ ಮಾಯವಾಗಿ, ಪ್ಲಗ್ಗಿನ ತೂತು ಮಾತ್ರ ಉಳಿದಿತ್ತು. ಜನ ಗೊಣಗಿ ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ಬೆಳಗಿನ ಕಾಫಿ ಕುಡಿಯುತ್ತಾ ಯೋಚಿಸಿದೆ: ಬಂದೂಕಿಗೆ ಲೈಸೆನ್ಸ್ ಇದೆ, ಬೈಕಿಗೆ ಲೈಸೆನ್ಸ್ ಇದೆ, ಬೀದಿಯಲ್ಲಿ ಬೋಂಡಾ ಹಾಕುವವನಿಗೂ ಲೈಸೆನ್ಸ್ ಕೇಳುತ್ತಾರೆ. ಗೋಡೆಯನ್ನೇ ತೂತು ಮಾಡುವ, ಕಬ್ಬಿಣವನ್ನೇ ಕತ್ತರಿಸುವ ಮಹಾಯಂತ್ರಗಳಿಗೆ ಏಕಿಲ್ಲ?

ಈ ವಿಚಾರವನ್ನು ಮೊದಲು ಹೆಂಡತಿಯ ಮುಂದಿಟ್ಟೆ. ಅವಳು ಆಗ ಅಡಿಗೆಮನೆಯ ಗೋಡೆಗೆ ಡ್ರಿಲ್ಲಿಂಗ್ ಮಷಿನ್ ಹಿಡಿದು ಮಸಾಲೆ ಡಬ್ಬಿಗಳ ಹಲಗೆಗೆ ತೂತು ಕೊರೆಯುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು. ನಾವಿಬ್ಬರೂ ರೇಷ್ಮೆ ನೇಯುವ ಮನೆಗಳಿಂದ ಬಂದವರು. ನಾನು ಓದಿನ ನೆಪ ಹೇಳಿ ಮಗ್ಗದ ಗುಂಡಿಯಿಂದ ತಪ್ಪಿಸಿಕೊಂಡೆ. ಅವಳು ಅಪ್ಪನ ಜೊತೆ ಮಗ್ಗ ಬಿಚ್ಚಿ, ಜೋಡಿಸಿ, ಮೋಟಾರಿಗೆ ಎಣ್ಣೆ ಬಿಟ್ಟು ಬೆಳೆದಳು. ಅವಳ ಅಪ್ಪನ ಮಗ್ಗದ ಮನೆ ಮುಚ್ಚಿದಾಗ ಅಣ್ಣ ತಮ್ಮಂದಿರು, 'ನಿನಗೇನು ಬೇಕು, ಕೇಳು' ಎಂದರಂತೆ. ಸೀರೆ ಕೇಳುತ್ತಾಳೆ, ಬಳೆ ಕೇಳುತ್ತಾಳೆ ಎಂದು ಎಲ್ಲರೂ ಕಾದಿದ್ದರೆ ಇವಳು ಒಂದು ಡ್ರಿಲ್ಲಿಂಗ್ ಮಷಿನ್, ಒಂದು ಕಟಿಂಗ್ ಮಷಿನ್ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಮೊಳೆ ಹೊಡೆಯುವುದರಿಂದ ಹಿಡಿದು ಗೇಟಿನ ಸರಳು ಕತ್ತರಿಸುವವರೆಗೆ ಎಲ್ಲವೂ ಅವಳದೇ. ನಾನು ಹತ್ತಿರ ಹೋದರೆ, "ಧೂಳು ಬೀಳ್ತದೆ, ಆಚೆ ಓಗಿ" ಎನ್ನುತ್ತಾಳೆ.

"ಸರಸ್ವತೀ, ಇನ್ನು ಮೇಲೆ ನಮ್ಮ ಬಡಾವಣೆಯಲ್ಲಿ ಕೊರೆಯುವವರಿಗೆಲ್ಲ ಲೈಸೆನ್ಸ್ ಮಾಡಬೇಕು ಅಂತಿದ್ದೀನಿ," ಎಂದೆ.

ಅವಳು ಮಷಿನ್ ನಿಲ್ಲಿಸಿದಳು. "ಅಂಗಂದ್ರೆ ಮೊದ್ಲು ನಿಮ್ಗೇ ಆಗ್ಬೇಕು ಕಣ್ರೀ. ಮದ್ವೆ ಆದಾಗ್ಲಿಂದ ಲೈಸೆನ್ಸ್ ಇಲ್ದೇ ಕೊರೀತಾ ಇದ್ದೀರಿ."

"ತಮಾಷೆ ಬೇಡ. ಕಳ್ಳತನ ನಿಲ್ಲಬೇಕೋ ಬೇಡವೋ?"

"ಕಳ್ಳ ಬಂದು, 'ಅಮ್ಮಾ, ಈ ಮಷಿನ್‌ಗೆ ಲೈಸೆನ್ಸ್ ಅದಾ? ಇದ್ರೆ ಬ್ಯಾಡ ಬುಡಿ' ಅಂತ ವಾಪಸ್ ಓಯ್ತಾನಾ?"

"ಲೈಸೆನ್ಸ್ ಇಲ್ಲದ ಮಷಿನ್ ಮಾರೋಕಾಗಲ್ಲ ಕಣೇ. ಮಾರೋಕಾಗದ್ದನ್ನ ಯಾವ ಕಳ್ಳ ಕದೀತಾನೆ?"

"ನಿಮ್ ಚಪ್ಲಿ ಮಾರೋಕಾಯ್ತಿತ್ತಾ? ಓದ್ಸಲ ಕದ್ಕಂಡೋಗ್ಲಿಲ್ವಾ?" ಎಂದು ಅವಳು ಮತ್ತೆ ಸ್ವಿಚ್ ಒತ್ತಿದಳು. ಆ ಸದ್ದಿನಲ್ಲಿ ನನ್ನ ಉತ್ತರ (ನನ್ನ ಬಳಿ ಇರಲಿಲ್ಲ) ಮುಳುಗಿಹೋಯಿತು.

ಆದರೂ ಭಾನುವಾರ ಸಭೆ ಕರೆದೆ. ಕಾಯಿದೆಯನ್ನು ಮಂಡಿಸಿದೆ. ಬಡಾವಣೆಯ ಪ್ರತಿಯೊಂದು ವಿದ್ಯುತ್ ಹತ್ಯಾರಕ್ಕೂ ಸಂಘದಿಂದ ಪರವಾನಗಿ ಪಡೆಯತಕ್ಕದ್ದು. ಮಷಿನ್ ಮೇಲೆ ನಂಬರು ಬರೆಸತಕ್ಕದ್ದು. ಪರವಾನಗಿದಾರನ ಹೊರತು ಅನ್ಯರು ಅದನ್ನು ಮುಟ್ಟತಕ್ಕದ್ದಲ್ಲ. ಮುಟ್ಟಗೊಟ್ಟರೆ ಪರವಾನಗಿ ಆ ಕ್ಷಣವೇ ರದ್ದು. ಈ ಕೊನೆಯದನ್ನು ಎರವಲು ಕೇಳುವವರ ಕಾಟ ತಪ್ಪಲಿ ಎಂದು ಸೇರಿಸಿದ್ದೆ. 'ತಕ್ಕದ್ದು' ಎಂದಾಗಲೆಲ್ಲ ನನ್ನ ಎದೆ ಸ್ವಲ್ಪ ಉಬ್ಬುತ್ತಿತ್ತು.

ಎದುರು ಮನೆಯ ಪುಟ್ಟಮಾದಯ್ಯ ಎದ್ದು ನಿಂತರು. ಅವರದು ಕಾಡಂಚಿನ ಹೂಗ್ಯಂ ಕಡೆ ಜಮೀನು, ಇಲ್ಲಿ ಮನೆ. "ಸಾ, ನನ್ದೊಂದ್ ಪ್ರಶ್ನೆ. ನಮ್ಮೂರಲ್ಲಿ ಆನೆ ಬಂದು ಜೋಳ ಮೇಯ್ಕಂಡು ಓಯ್ತದೆ. ಈಗ ನಾವು ಜೋಳುಕ್ಕೆ ಲೈಸೆನ್ಸ್ ಮಾಡ್ಸುದ್ರೆ ಆನೆ ಬರದಿಲ್ವಾ?"

"ಆನೆಗೆ ಓದು ಬರಲ್ಲ ಪುಟ್ಟಮಾದಯ್ಯ."

"ಕಳ್ಳಂಗೆ ಬತ್ತದಾ ಸಾ?"

ಎಲ್ಲರೂ ನಕ್ಕರು. ಅಷ್ಟರಲ್ಲಿ ಬೋಂಡಾ ಬಂತು. ಬೋಂಡಾ ಆರುವ ಮೊದಲು ಸಭೆ ಮುಗಿಯಲಿ ಎಂಬ ಏಕೈಕ ಕಾರಣಕ್ಕೆ ಎಲ್ಲರೂ ಕೈ ಎತ್ತಿದರು. ಕಾಯಿದೆ ಜಾರಿಯಾಯಿತು.

ಮುಂದಿನ ವಾರ ಮನೆಯ ಜಗಲಿಯಲ್ಲಿ ಮೇಜು ಹಾಕಿ, ಶಾಯಿಪ್ಯಾಡು, ಹೊಸ ಮೊಹರು (ಕೊನೆಗೂ ನನ್ನ ಹೆಸರಿನದು) ಇಟ್ಟುಕೊಂಡು ಕುಳಿತೆ. ಒಬ್ಬರೂ ಬರಲಿಲ್ಲ. ಬೆಳಿಗ್ಗೆಯೆಲ್ಲ ಕಾದು, ಮೊಹರಿನ ಶಾಯಿ ಒಣಗುತ್ತದೆಂದು ಒಂದೆರಡು ಸಲ ಹಳೆ ಪೇಪರಿನ ಮೇಲೆ ಕುಟ್ಟಿಕೊಂಡು, ಕೊನೆಗೆ ನಾನೇ ಮನೆಮನೆಗೆ ಹೊರಟೆ.

ಪುಟ್ಟಮಾದಯ್ಯನವರ ಮನೆಯೊಳಗಿಂದ ಗುರ್ರ್ ಎಂಬ ಸದ್ದು ರಸ್ತೆಗೇ ಕೇಳುತ್ತಿತ್ತು. ನಾನು ಬಾಗಿಲು ತಟ್ಟಿದ ತಕ್ಷಣ ಸದ್ದು ನಿಂತಿತು. ಅವರು ಬಂದರು. ಹುಬ್ಬು, ಮೀಸೆ, ಬನಿಯನ್ನಿನ ಮೇಲೆಲ್ಲ ಮರದ ಪುಡಿ.

"ಮಷಿನ್ ಸದ್ದು ಬರ್ತಿತ್ತಲ್ಲ?"

"ಅದಾ? ಮಿಕ್ಸಿ ಸಾ. ಉಚ್ಚೆಳ್ಳು ಪುಡಿ ಮಾಡ್ತಿದ್ದಿ."

"ಹುಚ್ಚೆಳ್ಳು ಪುಡಿ ಕಪ್ಪಗಿರುತ್ತೆ. ಇದು ಬೆಳ್ಳಗಿದೆ."

"ಸಿಪ್ಪೆ ತಗ್ದಿವ್ನಿ ಸಾ," ಎಂದು ಬಾಗಿಲು ಹಾಕಿಕೊಂಡರು.

ಮೂಲೆ ಮನೆಯ ಚೆಲುವಮ್ಮನ ಗಂಡನೂ ಟೈಲ್ಸ್ ಕೆಲಸದವನೇ. ಅವರ ನಡುಮನೆಯಲ್ಲಿ ಏನೋ ಒಂದರ ಮೇಲೆ ರೇಷ್ಮೆ ವಸ್ತ್ರ ಹೊದಿಸಿ, ಕುಂಕುಮವಿಟ್ಟು, ಕನಕಾಂಬರ ಮುಡಿಸಿ ಕೂರಿಸಿದ್ದರು. "ಇದೇನಮ್ಮ?" ಎಂದೆ. "ದ್ಯಾವ್ರು ಸಾ," ಎಂದಳು. "ಯಾವ ದೇವರು?" ಎಂದೆ. "ಮನೆದ್ಯಾವ್ರು. ಎಸ್ರು ಏಳ್ಬಾರ್ದು," ಎಂದಳು. ದೇವರ ಹಿಂದಿನಿಂದ ಒಂದು ವೈರು, ಅದರ ತುದಿಗೊಂದು ಮೂರು ಕಡ್ಡಿಯ ಪ್ಲಗ್ಗು ನೇತಾಡುತ್ತಿತ್ತು. ದೇವರ ವಸ್ತ್ರ ಎತ್ತಿ ನೋಡುವ ಅಧಿಕಾರ ನನ್ನ ಕಾಯಿದೆಯಲ್ಲಿರಲಿಲ್ಲ. ಕೈಮುಗಿದು ಹಿಂತಿರುಗಿದೆ.

ಹೀಗೆ ನನ್ನ ಸಮೀಕ್ಷೆ ಮುಗಿದಾಗ ಇಡೀ ಬಡಾವಣೆಯಲ್ಲಿ ಒಂದೇ ಒಂದು ಮಷಿನ್ ಇಲ್ಲವೆಂದು ಸಾಬೀತಾಯಿತು. ನಮ್ಮ ಮನೆಯದು ಬಿಟ್ಟು. ಮಾದರಿ ಪ್ರಜೆಯಾಗಿ ನಾನೇ ಮೊದಲ ಪರವಾನಗಿ ಪಡೆಯಬೇಕೆಂದು ನಿರ್ಧರಿಸಿದೆ. ಸಂಜೆ ಕುಳಿತು ಬರೆಯುತ್ತಿದ್ದಾಗ ಸರಸ್ವತಮ್ಮ ಹೆಗಲ ಮೇಲಿಂದ ಇಣುಕಿದಳು.

"ನಂಜುಂಡಯ್ಯ ಅಂತ ಯಾಕ್ರೀ ಬರ್ದೀರಿ? ಮಷಿನ್ ಬಂದದ್ದು ನನ್ ತವರಿಂದ. ಬಳ್ಸೋಳು ನಾನು."

"ಲೈಸೆನ್ಸ್ ಮನೆ ಯಜಮಾನನ ಹೆಸರಲ್ಲೇ ಇರಬೇಕು ಕಣೇ."

"ಯಾವ್ ಯಜಮಾನ? ರೇಷನ್ ಕಾರ್ಡ್ ತರ್ಲಾ?"

"ನೋಡು, ಎಲ್ಲಾ ನಿನ್ನ ಹೆಸರಲ್ಲಿದೆ. ಇದೊಂದಾದರೂ ನನ್ನ ಹೆಸರಲ್ಲಿರಲಿ ಬಿಡು."

ಈ ಮಾತಿಗೆ ಅವಳು ಸ್ವಲ್ಪ ಕರಗಿದಳೆಂದೇ ಹೇಳಬೇಕು. ಮೆತ್ತಗೆ, "ಅಲ್ಲಾ, ಅದ್ರ ಸ್ವಿಚ್ ಎಲ್ಲದೆ ಅಂತಾದ್ರೂ ಗೊತ್ತಾ ನಿಮ್ಗೆ?" ಎಂದು ಕೇಳಿದಳು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಲಿಲ್ಲ.

"ಕಾರಿನ ಮಾಲೀಕನಿಗೆ ಕಾರು ಓಡಿಸೋಕೆ ಬರಬೇಕು ಅಂತೇನಿಲ್ಲವಲ್ಲ. ಅದಕ್ಕೆ ಡ್ರೈವರ್ ಇರ್ತಾರೆ," ಎಂದೆ.

ಅವಳು ಬೈಯದೆ ಒಳಗೆ ಹೋದಳು. ಸರಸ್ವತಮ್ಮ ಬೈದರೆ ನಾನು ಹೆದರುವುದಿಲ್ಲ; ಬೈಯದಿದ್ದರೆ ಹೆದರುತ್ತೇನೆ. ಮರುದಿನ ಯಳಂದೂರಿನಲ್ಲಿ ಅವಳ ಅಕ್ಕನ ಮಗಳು ರಮ್ಯಳ ಸೀಮಂತವಿತ್ತು. ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗಲೂ ಮಾತಿಲ್ಲ. ಸಂಜೆ ಬಂದರೆ ಮನೆಗೆ ಬೀಗ. ಅಡಿಗೆಮನೆಯಲ್ಲಿ ಅನ್ನ ಸಾರು ಮುಚ್ಚಿಟ್ಟು ಹೋಗಿದ್ದಳು. ಮಧ್ಯಾಹ್ನ ಪೇಟೆಯಲ್ಲಿದ್ದಾಗ ಒಂದು ಸಲ ಅವಳ ಫೋನ್ ಬಂದಿತ್ತು, ಕೆಲಸದಲ್ಲಿದ್ದೇನೆಂದು ಕಟ್ ಮಾಡಿದ್ದೆ; ಆಮೇಲೆ ಹೋಗಿ ಬರುತ್ತೇನೆ ಎಂದು ಒಂದು ಫೋನೂ ಇಲ್ಲ. ನಾನೇನು ಕಡಿಮೆಯವನೇ? ನಾನೂ ಮಾಡಲಿಲ್ಲ. ಪೇಟೆಯಲ್ಲಿ ಲ್ಯಾಮಿನೇಷನ್ ಮಾಡಿಸಿ ತಂದಿದ್ದ ನನ್ನ ಪರವಾನಗಿಯನ್ನು ನಡುಮನೆಯ ಗೋಡೆಗೆ ತಗುಲಿಸಬೇಕಿತ್ತು. ಮೊಳೆ ಹೊಡೆಯಲು ಬಾರದ ಕಾರಣ ಅನ್ನದಿಂದ ಅಂಟಿಸಿದೆ.

ಮರುದಿನ ಬೆಳಿಗ್ಗೆ ಬಾಯಿಗೆ ಪೇಸ್ಟು ಹಾಕಿಕೊಂಡು ನಲ್ಲಿ ತಿರುಗಿಸಿದರೆ ಸೂಂಯ್ ಎಂದು ಗಾಳಿ ಬಂತು. ಆಚೆ ಬಂದರೆ ಬಡಾವಣೆಯವರೆಲ್ಲ ಕೊಡ, ಬಕೆಟ್ಟು ಹಿಡಿದು ಬೀದಿಯಲ್ಲಿದ್ದಾರೆ. ನೀರಿನ ಟ್ಯಾಂಕಿಗೆ ನೀರೆತ್ತುವ ಮೋಟಾರು ಬಡಾವಣೆಯ ತುದಿಯ ಪಂಪ್‌ಹೌಸಿನಲ್ಲಿದೆ. ಅದರ ಬೀಗದ ಕೈ ಕಾರ್ಯದರ್ಶಿಯಾದ ನನ್ನ ಉಡಿದಾರದಲ್ಲಿದೆ. ಓಡಿದೆ. ನೋಡಿದರೆ ನಾನೇ ಹೊಸದಾಗಿ ತಂದು ಹಾಕಿದ್ದ ದಪ್ಪ ಬೀಗ ಬೆಣ್ಣೆ ಕತ್ತರಿಸಿದಂತೆ ಕತ್ತರಿಸಿ ಬಿದ್ದಿದೆ. ಒಳಗೆ ಮೋಟಾರಿಲ್ಲ.

"ನೋಡಿದಿರಾ!" ಎಂದು ನೆರೆದವರ ಕಡೆ ತಿರುಗಿದೆ. ಬಾಯಲ್ಲಿನ್ನೂ ಪೇಸ್ಟಿನ ನೊರೆ ಇತ್ತು. "ಮಷಿನ್‌ನಿಂದಲೇ ಕತ್ತರಿಸಿದ್ದಾರೆ! ಎಲ್ಲರೂ ಲೈಸೆನ್ಸ್ ಮಾಡಿಸಿದ್ದರೆ ಈ ಗತಿ ಬರುತ್ತಿತ್ತೆ?" ನಾನೇ ಪೊಲೀಸರಿಗೆ ಫೋನ್ ಮಾಡಿದೆ.

ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಹೆಡ್ ಕಾನ್‌ಸ್ಟೇಬಲ್ ಗುರುಪಾದಸ್ವಾಮಿಯವರೊಂದಿಗೆ ಬಂದರು. ಬೀಗವನ್ನು ತಿರುಗಿಸಿ ನೋಡಿ, "ಈ ಏರಿಯಾದಲ್ಲಿ ಕಟಿಂಗ್ ಮಷಿನ್ ಯಾರ್ಯಾರ ಹತ್ರ ಇದೆ?" ಎಂದು ಕೇಳಿದರು.

ಜನ್ಮದಲ್ಲಿ ಒಮ್ಮೆ ಬರುವ ಘಳಿಗೆ. ನಾನು ಎದೆ ಸೆಟೆದು ಮುಂದೆ ಬಂದೆ. "ಸಾರ್, ನಮ್ಮಲ್ಲಿ ಎಲ್ಲದಕ್ಕೂ ಲೆಕ್ಕ ಇದೆ. ಮನೆಮನೆ ಸಮೀಕ್ಷೆ ಮಾಡಿದ್ದೀನಿ. ಇಡೀ ಬಡಾವಣೆಯಲ್ಲಿ ಕಟಿಂಗ್ ಮಷಿನ್ ಇರೋದು ಒಂದೇ ಮನೆಯಲ್ಲಿ."

"ಯಾರ ಮನೆ?"

ನನ್ನ ಬಾಯಿ ತೆರೆದೇ ಇತ್ತು. ಪುಟ್ಟಮಾದಯ್ಯ ಸಹಾಯ ಮಾಡಿದರು. "ಇವ್ರುದೇ ಸಾ. ಲೈಸೆನ್ಸೂ ಅದೆ. ಗೋಡೆಗ್ ಅಂಟ್ಸವ್ರೆ."

ಸಾಹೇಬರು ಬೇರೆಯವರತ್ತ ನೋಡಿದರು. "ನಿಮ್ಮಲ್ಲಿ ಯಾರ ಹತ್ರಾನೂ ಇಲ್ವಾ?" ಎಲ್ಲರೂ ತಲೆಯಾಡಿಸಿದರು. ಚೆಲುವಮ್ಮ ಏನೋ ಹೇಳಲು ಬಾಯಿ ತೆರೆದು, ಗಂಡ ಕೈ ಚಿವುಟಿದ ಮೇಲೆ ಮುಚ್ಚಿದಳು.

ಮೆರವಣಿಗೆ ನಮ್ಮ ಮನೆಗೆ ಬಂತು. ಗುರುಪಾದಸ್ವಾಮಿಯವರು ಅಟ್ಟದ ಮೇಲಿಂದ ಕಟಿಂಗ್ ಮಷಿನ್ ಇಳಿಸಿ, ಅದರ ಬ್ಲೇಡನ್ನು ಬೆರಳಿನಿಂದ ಸವರಿದರು. "ಸಾ, ಒಸ ಕಬ್ಬಿಣದ್ ಪುಡಿ ಅದೆ. ನಿನ್ನೆ ಮೊನ್ನೇದು."

"ನಿನ್ನೆ ಇದನ್ನ ಯಾರು ಉಪಯೋಗಿಸಿದ್ದು?" ಸಾಹೇಬರು ಕೇಳಿದರು.

"ಯಾರೂ ಇಲ್ಲ ಸಾರ್. ಪರವಾನಗಿದಾರನ ಹೊರತು ಅನ್ಯರು ಮುಟ್ಟತಕ್ಕದ್ದಲ್ಲ."

"ಪರವಾನಗಿದಾರ ಯಾರು?"

"ನಾನು."

"ಹಾಗಾದ್ರೆ ನೀವೇ ಉಪಯೋಗಿಸಿದ್ದು."

ಸುತ್ತ ಇಡೀ ಬಡಾವಣೆ ನಿಂತಿದೆ. 'ನನಗೆ ಇದರ ಸ್ವಿಚ್ಚೇ ಗೊತ್ತಿಲ್ಲ, ಹೆಂಡತಿ ಉಪಯೋಗಿಸುವುದು' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಗೋಡೆಯ ಮೇಲೆ ನನ್ನ ಹೆಸರು ಮಿರಮಿರ ಹೊಳೆಯುತ್ತಿತ್ತು. "ಆಗಾಗ ಉಪಯೋಗಿಸ್ತಿರ್ತೀನಿ," ಎಂದುಬಿಟ್ಟೆ.

ನನ್ನನ್ನು ಜೀಪು ಹತ್ತಿಸಿದರು. ಮಷಿನ್ ನನ್ನ ತೊಡೆಯ ಮೇಲೆ. ಜೀಪು ಬೀದಿಯಲ್ಲಿ ಹೋಗುವಾಗ ಖಾಲಿ ಕೊಡ ಹಿಡಿದ ಹೆಂಗಸರು ಎರಡೂ ಬದಿ ಸಾಲಾಗಿ ನಿಂತಿದ್ದರು. ಅವರ ಕಣ್ಣಿನಲ್ಲಿ ನಾನು ಕದ್ದದ್ದು ಮೋಟಾರನ್ನಲ್ಲ, ಅವರ ಬೆಳಗಿನ ಸ್ನಾನವನ್ನು.

ಠಾಣೆಯಲ್ಲಿ ಸಾಹೇಬರು ನನ್ನ ಮುಂದೆ ಕುಳಿತರು. ಒಳ್ಳೆಯ ಮನುಷ್ಯ, ಚಹಾ ಕೂಡ ತರಿಸಿಕೊಟ್ಟರು. "ನೋಡಿ ನಂಜುಂಡಯ್ಯನವರೇ. ದೂರು ಕೊಟ್ಟೋರು ನೀವು. ಬೀಗ ನಿಮ್ದು. ಕೀ ನಿಮ್ಮ ಹತ್ರ. ಮಷಿನ್ ನಿಮ್ದು. ಲೈಸೆನ್ಸ್ ಕೊಟ್ಟೋರೂ ನೀವು, ತಗೊಂಡೋರೂ ನೀವು. ಇಷ್ಟೆಲ್ಲಾ ಒಬ್ರೇ ಮಾಡೋರು ಕಳ್ಳತನ ಒಂದನ್ನ ಬೇರೆಯವ್ರಿಗೆ ಬಿಟ್ಕೊಡ್ತೀರಾ?"

"ಕೀ ನನ್ನ ಹತ್ರ ಇರುವಾಗ ನಾನು ಬೀಗ ಯಾಕೆ ಕತ್ತರಿಸಲಿ ಸಾರ್?" ಎಂದೆ. ಇದು ಒಳ್ಳೆಯ ಪಾಯಿಂಟು ಎಂದು ನನಗೇ ಅನ್ನಿಸಿತು.

"ಅನುಮಾನ ಬರದಿರ್ಲಿ ಅಂತ," ಎಂದರು ಗುರುಪಾದಸ್ವಾಮಿ. ಆ ಪಾಯಿಂಟು ಅಲ್ಲಿಗೇ ಸತ್ತಿತು.

ಸಾಹೇಬರು ಸ್ವಲ್ಪ ಯೋಚಿಸಿ, ಹಿಂದಿನ ಅಂಗಳದಿಂದ ಒಂದು ಕಬ್ಬಿಣದ ಸರಳು ತರಿಸಿ, ಮಷಿನ್‌ನ ಪ್ಲಗ್ ಹಾಕಿಸಿದರು. "ಒಂದು ಸಲ ಇದನ್ನ ಕತ್ತರಿಸಿ ತೋರಿಸಿ."

ನನ್ನ ಅವಸ್ಥೆ ಯೋಚಿಸಿ. ಕತ್ತರಿಸಿದರೆ ಕಳ್ಳ. ಕತ್ತರಿಸದಿದ್ದರೆ ಸುಳ್ಳ. ಒಂದು ಕ್ಷಣ ತೂಗಿ ನೋಡಿ ಮಾನವೇ ದೊಡ್ಡದೆಂದು ಮಷಿನ್ ಎತ್ತಿಕೊಂಡೆ. ಎಷ್ಟು ಭಾರ ಎಂದರೆ, ಸರಸ್ವತಮ್ಮ ಇದನ್ನು ಒಂದೇ ಕೈಯಲ್ಲಿ ಹೇಗೆ ಹಿಡಿಯುತ್ತಾಳೆಂದು ಆಗ ಆಶ್ಚರ್ಯವಾಯಿತು. ಸ್ವಿಚ್ ಹುಡುಕಿದೆ. ಮೇಲೆ ಇಲ್ಲ, ಪಕ್ಕದಲ್ಲಿ ಇಲ್ಲ. "ಇವತ್ತು ಯಾಕೋ..." ಎಂದು ಗೊಣಗುತ್ತಾ ಮಗುವನ್ನು ಮಗುಚುವಂತೆ ಮಗುಚಿದೆ. ಗುರುಪಾದಸ್ವಾಮಿಯವರು ಕೆಮ್ಮಿ, "ಸಾ, ಬ್ಲೇಡು ನಿಮ್ ಒಟ್ಟೆ ಕಡೆ ಅದೆ," ಎಂದರು. ಗಾಬರಿಯಿಂದ ತಿರುಗಿಸುವಾಗ ಬೆರಳು ಎಲ್ಲೋ ತಗುಲಿತು.

ಹುಲಿಯೊಂದು ಕೈಯಲ್ಲಿ ಎದ್ದು ಗರ್ಜಿಸಿದಂತಾಯಿತು. ಸರಳಿಗೆ ತಾಗಿ ದೀಪಾವಳಿಯ ಹೂಕುಂಡದ ಹಾಗೆ ಕಿಡಿ ಚಿಮ್ಮಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಕಣ್ಣು ಬಿಟ್ಟಾಗ ಮಷಿನ್ ಮರಳಿನ ಬಕೆಟ್ಟಿನಲ್ಲಿತ್ತು. ಗುರುಪಾದಸ್ವಾಮಿಯವರು ಪ್ಲಗ್ ಕಿತ್ತು ಹಿಡಿದು ನಿಂತಿದ್ದರು. ನಾನು ಬೀರುವಿನ ಹಿಂದಿದ್ದೆ. ಬೀರುವಿಗೂ ಗೋಡೆಗೂ ನಡುವೆ ಇದ್ದ ಜಾಗ ನೋಡಿದರೆ ಅಲ್ಲಿ ನಾನು ಹಿಡಿಸುವುದು ಸಾಧ್ಯವೇ ಇರಲಿಲ್ಲ.

ಸಾಹೇಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿತ್ತು. "ಗುರುಪಾದಸ್ವಾಮಿ, ಇವ್ರು ಆ ಬೀಗ ಕತ್ತರಿಸಿದ್ರೆ ಇವತ್ತು ಆಸ್ಪತ್ರೆಗೆ ಹೋಗಿ ಹೇಳಿಕೆ ತಗೋಬೇಕಿತ್ತು. ಬಿಟ್ಬಿಡಿ." ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಸ್ವಾಮಿ, ನಿಮ್ಗೆ ಲೈಸೆನ್ಸ್ ಕೊಡುವಾಗ ಪರೀಕ್ಷೆ ಮಾಡಿದೋರು ಯಾರು?" ಎಂದರು. ನಾನು ಬೀರುವಿನ ಹಿಂದಿನಿಂದಲೇ, "ಸಂಘದ ಕಾರ್ಯದರ್ಶಿ," ಎಂದೆ.

ಆಗ ಹೊರಗೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಮೊದಲು ಇಳಿದವಳು ಸರಸ್ವತಮ್ಮ. ಸೀಮಂತದ ರೇಷ್ಮೆ ಸೀರೆ, ಮುಡಿಯಲ್ಲಿ ಬಾಡಿದ ಮಲ್ಲಿಗೆ. ಹಿಂದೆ ಮೋಟಾರ್ ರಿಪೇರಿ ಮಾಡುವ ಮಾದಸ್ವಾಮಿ. ಆಟೋದ ಹಿಂಬದಿಯಲ್ಲಿ ಹೊಸ ಬಣ್ಣ ಬಳಿದುಕೊಂಡು ಮದುವಣಗಿತ್ತಿಯಂತೆ ಕುಳಿತಿತ್ತು, ನಮ್ಮ ಮೋಟಾರು.

"ಎಲ್ರೀ ನಮ್ಮೆಜಮಾನ್ರು?" ಎಂದು ಅವಳು ಒಳಗೆ ಬಂದಳು. ಬೀರುವಿನ ಹಿಂದೆ ಕಂಡ ನನ್ನ ತಲೆಯನ್ನು ನೋಡಿ ಸಾಹೇಬರ ಕಡೆ ತಿರುಗಿದಳು. "ಸಾರ್, ಬೀಗ ಕತ್ರಿಸ್ದೋಳು ನಾನು. ಇವ್ರನ್ಯಾಕೆ ಇಡ್ಕಂಡಿದ್ದೀರಿ?"

ನಾನು ಹೊರಗೆ ಬರಲು ಪ್ರಯತ್ನಿಸಿದೆ, ಬರಲಾಗಲಿಲ್ಲ.

"ಪಂಪ್‌ಹೌಸಿಂದ ಮೋಟಾರು ಸುಟ್ಟ ವಾಸ್ನೆ ಬತ್ತಿತ್ತು ಸಾರ್. ಇನ್ನೊಂದ್ ಗಂಟೆ ಬುಟ್ಟಿದ್ರೆ ಪೂರ್ತಿ ಓಗ್ತಿತ್ತು. ಮಾದಸ್ವಾಮಿನ ಕರುಸ್ದೆ. ಕೀ ಇವ್ರ ಉಡ್ದಾರದಲ್ಲಿ, ಇವ್ರು ಪ್ಯಾಟೆಲಿ. ಫೋನ್ ಮಾಡುದ್ರೆ, 'ಲೈಸೆನ್ಸ್ ಲ್ಯಾಮಿನೇಷನ್ ಮಾಡಿಸ್ತಾ ಇದ್ದೀನಿ, ಡಿಸ್ಟರ್ಬ್ ಮಾಡಬೇಡ' ಅಂತ ಕಟ್ ಮಾಡುದ್ರು. ಇನ್ನೇನ್ ಮಾಡ್ಲಿ? ಬೀಗ ಕತ್ರಿಸಿ ಮೋಟಾರ್ ಕಳುಸ್ಕೊಟ್ಟು ಯಳಂದೂರ್ ಬಸ್ ಹತ್ತುದೆ."

"ಅಕ್ಕ ಕತ್ರಿಸ್ದಂಗೆ ನಮ್ ಅಂಗಡಿ ಉಡುಗ್ರಿಗೂ ಬರದಿಲ್ಲ ಸಾ," ಎಂದ ಮಾದಸ್ವಾಮಿ. ಅದು ಸಾಕ್ಷಿಯೋ ಪ್ರಶಂಸೆಯೋ ತಿಳಿಯಲಿಲ್ಲ.

ಹಾಡಹಗಲು ಬೀಗ ಕತ್ತರಿಸಿದ್ದನ್ನು ಯಾರೂ ನೋಡಲಿಲ್ಲವೇ ಎಂದು ನೀವು ಕೇಳಬಹುದು. ಚೆಲುವಮ್ಮ ನೋಡಿದ್ದಳು, ಎಕ್ಸ್‌ಟೆನ್ಷನ್ ವೈರು ಕೂಡ ಹಿಡಿದುಕೊಂಡಿದ್ದಳು. ಆದರೆ ಪೊಲೀಸರ ಮುಂದೆ ಮಷಿನ್ ಸುದ್ದಿ ಎತ್ತಿದರೆ ತಮ್ಮ ಮನೆದೇವರ ವಸ್ತ್ರ ಎತ್ತಿಸುತ್ತಾರೆಂದು ಸುಮ್ಮನಾದಳಂತೆ. ನನ್ನನ್ನು ಜೀಪು ಹತ್ತಿಸಿದ ಮೇಲೆ ಪಾಪ ಎನ್ನಿಸಿ ಪುಟ್ಟಮಾದಯ್ಯನವರಿಗೆ ಹೇಳಿ, ಅವರು ಯಳಂದೂರಿಗೆ ಫೋನ್ ಮಾಡಿ, "ಅಕ್ಕಾ, ಬೇಗ ಬನ್ನಿ, ಸಾರ್‌ನ ನಿಮ್ ಮಷಿನ್ ಜೊತೇಲಿ ತಕಂಡೋದ್ರು," ಎಂದರಂತೆ. ಕಳ್ಳತನ ತಡೆಯಲು ಮಾಡಿದ ನನ್ನ ಕಾಯಿದೆ ಕೊನೆಗೆ ತಡೆದದ್ದು ಸಾಕ್ಷಿ ಹೇಳುವವರ ಬಾಯನ್ನು.

ಬೀರು ಸರಿಸಿ ನನ್ನನ್ನು ಈಚೆ ತೆಗೆದರು. ದೂರು ಹಿಂಪಡೆದೆ. ಸಾಹೇಬರು ಬಾಗಿಲವರೆಗೂ ಬಂದು, "ಅನ್ಯರು ಮುಟ್ಟಿದ್ರೆ ಆ ಕ್ಷಣವೇ ರದ್ದು ಅಂತಲ್ವಾ ನಿಮ್ಮ ನಿಯಮ?" ಎಂದು ನಗುತ್ತಾ ನೆನಪಿಸಿದರು. ಸಂಘದ ತುರ್ತು ಸಭೆಯಲ್ಲಿ ನಾನು ನನ್ನದೇ ಮೊಹರಿನಿಂದ ನನ್ನ ಪರವಾನಗಿಯನ್ನು ರದ್ದು ಮಾಡಿದೆ. ಅಂಟಿಸಿದ್ದ ಅನ್ನ ಒಣಗಿ ಕಲ್ಲಾಗಿದ್ದರಿಂದ ಕೀಳುವಾಗ ಗೋಡೆಯ ಬಣ್ಣವೂ ಕಿತ್ತು ಬಂತು. ಅದೇ ಸಭೆಯಲ್ಲಿ ಸರಸ್ವತಮ್ಮನನ್ನು ಕಾರ್ಯದರ್ಶಿ ಮಾಡಿದರು. ಅವಳು ಒಳಗೇ ಇದ್ದಳು, ಒಪ್ಪಿಗೆಯಿಂದಲೇ ಆದಳು.

ಅವಳು ಮಾಡಿದ ಮೊದಲ ಕೆಲಸ, ಲೈಸೆನ್ಸ್ ಕಾಯಿದೆಯನ್ನು ತೆಗೆದುಹಾಕಿದ್ದು. ಎರಡನೆಯದು, "ಕೆಟ್ಟೋಗಿರೋ ಮಷಿನ್ ಇದ್ರೆ ತಕಂಡ್ ಬನ್ನಿ, ನೋಡಾವ," ಎಂದದ್ದು. ಮರುದಿನ ಬೆಳಗಾಗುವಷ್ಟರಲ್ಲಿ ಮಿಕ್ಸಿಗಳು, ದೇವರುಗಳು ಎಲ್ಲಾ ನಿಜರೂಪ ತಾಳಿ ನಮ್ಮ ಜಗಲಿಯ ಮೇಲೆ ಸಾಲಾಗಿ ಬಂದು ಕುಳಿತವು. ಪುಟ್ಟಮಾದಯ್ಯನವರಲ್ಲಿ ಮರ ಕೊಯ್ಯುವುದು, ಉಜ್ಜುವುದು, ಕೊರೆಯುವುದು, ಎಲ್ಲವೂ ಇದ್ದವು. ಈಗ ಅವೆಲ್ಲ ನಮ್ಮ ನಡುಮನೆಯಲ್ಲೇ ಇರುತ್ತವೆ. ಬೇಕಾದವರು ಬಂದು ಕೇಳಿ ಒಯ್ಯುತ್ತಾರೆ, ಕೆಲಸ ಮುಗಿಸಿ ತಂದಿಡುತ್ತಾರೆ. ಯಾವ ಮನೆಯಲ್ಲೂ ಮಷಿನ್ ಇಲ್ಲದ್ದರಿಂದ ಯಾವ ಮನೆಯಲ್ಲೂ ಕಳ್ಳತನವಿಲ್ಲ. ನಮ್ಮ ಮನೆಗೆ ಮಾತ್ರ ಕಾವಲು ಬೇಕಾಗಿದೆ. ಆ ಹುದ್ದೆಗೆ ನನ್ನನ್ನು ನೇಮಿಸಲಾಗಿದೆ.

ಹೋದ ವಾರ ಗುರುಪಾದಸ್ವಾಮಿಯವರು ಇನ್ನೊಬ್ಬ ಪೇದೆಯೊಂದಿಗೆ ಮನೆಗೆ ಬಂದರು. ಠಾಣೆಯಲ್ಲಿ ಹೊಸ ಬೋರ್ಡು ತೂಗುಹಾಕಬೇಕಂತೆ, ಡ್ರಿಲ್ಲಿಂಗ್ ಮಷಿನ್ ಬೇಕಂತೆ.

"ಅದಕ್ಕೇನು, ತಕಂಡೋಗಿ," ಎಂದಳು ಸರಸ್ವತಮ್ಮ. "ಇವ್ರೂ ಬತ್ತಾರೆ. ಕೊರಿಯೋಕೆ ಕೊಡ್ಬ್ಯಾಡಿ. ವೈರ್ ಚೆನ್ನಾಗಿ ಇಡ್ಕತಾರೆ."

ಹೀಗೆ ನಾನು, ಬೀದಿಯ ನಟ್ಟನಡುವೆ, ಕೈಯಲ್ಲಿ ಮಷಿನ್ ಹಿಡಿದು, ಎಡಕ್ಕೊಬ್ಬ ಬಲಕ್ಕೊಬ್ಬ ಪೊಲೀಸಿನವರ ನಡುವೆ ಠಾಣೆಯ ಕಡೆಗೆ ನಡೆದೆ. ನೀರು ತುಂಬುತ್ತಿದ್ದ ಹೆಂಗಸರು ಕೊಡ ಇಳಿಸಿ ನೋಡಿದರು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಪುಟ್ಟಮಾದಯ್ಯನವರು ಮಹಡಿಯ ಮೇಲಿಂದ ಬಗ್ಗಿ ನೋಡಿ, ಇಡೀ ಬೀದಿಗೆ ಕೇಳುವಂತೆ ಹೆಂಡತಿಗೆ ಕೂಗಿ ಹೇಳಿದರು:

"ಅಮ್ಮೀ, ಬೇಗ ಕೊಡ ತುಂಬ್ಸು! ಸಾರ್ ಮತ್ತೆ ಸಿಕ್ಕಾಕಂಡವ್ರೆ!"